ಟಾಕಿ ತುಂಬದ ಗಾಡಿಗಳು

ಗಾಡಿ ರಿಪೇರಿ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ನನ್ನಂಥ ಹಳೆಯ ಮಿಸ್ತ್ರಿ ಸಿಕ್ಕರೆ ಇಂಜಿನ್ ಬಗ್ಗೆ ಕೇಳುತ್ತಾರೆ, ಗೇರ್‌ಬಾಕ್ಸ್ ಬಗ್ಗೆ ಕೇಳುತ್ತಾರೆ, ಈಗಿನ ಗಾಡಿಗಳ ಕಂಪ್ಯೂಟರ್ ಬಗ್ಗೆ ಕೇಳುತ್ತಾರೆ. ಪೆಟ್ರೋಲ್ ಟಾಕಿಯ ಬಗ್ಗೆ ಕೇಳಿದವರನ್ನು ನಾನಿನ್ನೂ ಕಂಡಿಲ್ಲ. ಅದರಲ್ಲಿ ಕೇಳುವುದಾದರೂ ಏನಿದೆ, ತಗಡಿನ ಡಬ್ಬಿ, ಮೇಲಿನಿಂದ ಹಾಕಿದ್ದು ಒಳಗೆ ಬೀಳುತ್ತದೆ ಎಂದೇ ಎಲ್ಲರೂ ತಿಳಿದಿರುತ್ತಾರೆ. ನಾನು ಇಂಜಿನ್‌ಗಳನ್ನು ಬಿಚ್ಚಿ ಕಟ್ಟಿದ್ದೇನೆ, ಕೃಷ್ಣೆಗೆ ಮಹಾಪೂರ ಬಂದಾಗ ನೀರು ಕುಡಿದು ಕೆಟ್ಟು ನಿಂತ ಗಾಡಿಗಳನ್ನು ಮತ್ತೆ ರಸ್ತೆಗೆ ಹಚ್ಚಿದ್ದೇನೆ. ಆದರೂ ನಿನ್ನ ಕೆಲಸದಲ್ಲಿ ನಿನಗೆ ಹೆಮ್ಮೆ ಯಾವುದು ಎಂದು ಕೇಳಿದರೆ, ಟಾಕಿ ತುಂಬುತ್ತಿಲ್ಲ ಎಂದು ಬಂದ ಗಾಡಿಗಳನ್ನೇ ನಾನು ಮೊದಲು ನೆನೆಯುತ್ತೇನೆ.

ಅದಕ್ಕೆ ಕಾರಣವಿದೆ. ಇಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ, ಮಾಲೀಕನಿಗೆ ತನ್ನ ಗಾಡಿಗೇ ಬೇನೆ ಬಂದಿದೆ ಎಂದು ತಿಳಿಯುತ್ತದೆ. ಟಾಕಿ ತುಂಬದ ಗಾಡಿ ಹಾಗಲ್ಲ. ಅದು ಚೆನ್ನಾಗಿ ಓಡುತ್ತದೆ, ಸದ್ದು ಮಾಡುವುದಿಲ್ಲ, ಹೊಗೆ ಬಿಡುವುದಿಲ್ಲ. ಪಂಪಿಗೆ ಹೋಗಿ ನಿಂತಾಗ ಮಾತ್ರ ಪೆಟ್ರೋಲ್ ಒಳಗೆ ತೆಗೆದುಕೊಳ್ಳುವುದಿಲ್ಲ. ಆಗ ಮಾಲೀಕನ ಸಿಟ್ಟು ಗಾಡಿಯ ಮೇಲೆ ಹೋಗುವುದಿಲ್ಲ, ಪಂಪಿನವರ ಮೇಲೆ ಹೋಗುತ್ತದೆ. ಹೀಗಾಗಿ ನಮ್ಮ ಹತ್ತಿರ ಗಾಡಿಯ ಜೊತೆಗೆ ಒಂದು ಜಗಳವೂ ಬಂದಿರುತ್ತದೆ. ಎರಡನ್ನೂ ಬಿಡಿಸಿ ಕಳಿಸಿದಾಗ ಆಗುವ ಸಮಾಧಾನವೇ ಬೇರೆ.

ನಾನು ರಾಯಬಾಗದವನು. ಮನೆಯವರು ಇಟ್ಟ ಹೆಸರು ಬಾಳಾಸಾಹೇಬ, ಗ್ಯಾರೇಜಿನಲ್ಲಿ ಬಾಳು ಮಿಸ್ತ್ರಿ. ಕೆಲಸ ಕಲಿತದ್ದು ನಿಪ್ಪಾಣಿಯಲ್ಲಿ, ದಸ್ತಗೀರ ಉಸ್ತಾದರ ಹತ್ತಿರ. ಅವರ ಗ್ಯಾರೇಜಿನ ಎರಡೂ ಬದಿಗೆ ತಂಬಾಕಿನ ಗೋದಾಮುಗಳಿದ್ದವು. ಹೊಸದಾಗಿ ಬಂದ ಗಿರಾಕಿ ಮೊದಲು ಸೀನುತ್ತಿದ್ದ, ಆಮೇಲೆ ಗಾಡಿಯ ತಕರಾರು ಹೇಳುತ್ತಿದ್ದ.

ಒಂದು ದಿನ ತಂಬಾಕಿನ ವ್ಯಾಪಾರಿಯೊಬ್ಬರು ಬಂದರು. ಅವರ ಗಾಡಿಗೆ ಪೆಟ್ರೋಲ್ ಹಾಕಲು ಹೋದರೆ ಅದು ಗುಟುಕು ಗುಟುಕಾಗಿ ಹೊರಗೆ ಉಗುಳುತ್ತಿತ್ತು. ಪಂಪಿನವನ ಅಂಗಿಯೆಲ್ಲ ತೊಯ್ದು, ಅವನು ಇನ್ನು ಈ ಗಾಡಿಗೆ ಹಾಕುವುದಿಲ್ಲ ಎಂದುಬಿಟ್ಟಿದ್ದ. ವ್ಯಾಪಾರಿ ಟಾಕಿಯಲ್ಲಿ ಕಸ ತುಂಬಿದೆ, ಇಳಿಸಿ ತೊಳೆಯಿರಿ ಎಂದರು. ನಾನು ಬೋಲ್ಟು ಬಿಚ್ಚುವ ಪಾನಾ ಹಿಡಿದು ಗಾಡಿಯ ಕೆಳಗೆ ಹೋಗುವವನಿದ್ದೆ. ಉಸ್ತಾದರು ತಡೆದರು.

"ಬಾಳು, ಹೊಳ್ಯಾಗ ಕೊಡ ಮುಳುಗಿಸೀಯಿಲ್ಲೊ?"

"ಮುಳುಗಿಸೀನ್ರಿ ಉಸ್ತಾದ್."

"ಗುಳು ಗುಳು ಅಂತ ಸಪ್ಪಳ ಆಗತೈತಲ್ಲ, ಅದೇನದು?"

"ಒಳಗಿನ ಗಾಳಿ ಹೊರಗ ಬರೂದ್ರಿ."

"ಹಂಗಾದ್ರ ಖಾಲಿ ಟಾಕಿ ಅನ್ನೂದು ಇಲ್ಲಪಾ. ಅದರಾಗ ಗಾಳಿ ತುಂಬಿರತೈತಿ. ಪೆಟ್ರೋಲ್ ಒಳಗ ಹೋಗಬೇಕಂದ್ರ ಗಾಳಿ ಎದ್ದು ಜಾಗಾ ಕೊಡಬೇಕು. ಟಾಕಿ ಇಳಸೂಕಿಂತ ಮೊದಲ ಗಾಳಿ ಯಾ ಬಾಗಲದಿಂದ ಹೊಂಡತೈತಿ ಹುಡುಕು."

ಆ ಕಾಲದಲ್ಲಿ ಎಲ್ಲರೂ ಟಾಕಿಯ ಗಾಳಿ ಕೊಳವೆಗೆ ಬಾಯಿ ಹಚ್ಚಿ ಊದುತ್ತಿದ್ದರು. ಪೆಟ್ರೋಲ್ ನುಂಗಿ ದವಾಖಾನೆ ಸೇರಿದವರೂ ಇದ್ದರು. ಉಸ್ತಾದರು ಅದನ್ನು ಮಾಡಗೊಡುತ್ತಿರಲಿಲ್ಲ. "ಬಾಯಿ ಹಚ್ಚಬ್ಯಾಡ, ಕಿವಿ ಹಚ್ಚು" ಎನ್ನುತ್ತಿದ್ದರು. ಅವರು ಮೇಲಿನಿಂದ ಪೆಟ್ರೋಲ್ ಸುರಿದರು, ನಾನು ಕೊಳವೆಯ ತುದಿಗೆ ಕಿವಿ ಕೊಟ್ಟೆ. ಗಾಳಿ ಹೊರಡುವ ಸಪ್ಪಳವೇ ಇಲ್ಲ. ಬೆರಳಾಡಿಸಿ ನೋಡಿದರೆ ತುದಿಗೆ ಮೇಣ ಮೆತ್ತಲಾಗಿತ್ತು.

ಮೇಣ ಮೆತ್ತಿದವರು ವ್ಯಾಪಾರಿಯೇ. ಗಾಡಿಯಲ್ಲಿ ಪೆಟ್ರೋಲ್ ವಾಸನೆ ಬಂದು ಹೆಂಡತಿಗೆ ವಾಂತಿಯಾಗುತ್ತದೆ ಎಂದು, ವಾಸನೆ ಬರುವ ದಾರಿ ಇದೇ ಇರಬೇಕೆಂದು ತಾವೇ ಮುಚ್ಚಿದ್ದರು. ಉಸ್ತಾದರು ನಗಲಿಲ್ಲ, ಬೈಯಲಿಲ್ಲ. ಮೇಣ ತೆಗೆದರು, ಆಮೇಲೆ ಮುಚ್ಚಳದ ರಬ್ಬರ್ ಬಿರುಕು ಬಿಟ್ಟದ್ದನ್ನು ತೋರಿಸಿ, "ಅಕ್ಕಾರಿಗೆ ತ್ರಾಸ ಆಗೂದು ಇದರಿಂದ್ರಿ ಸಾವ್ಕಾರ" ಎಂದು ಹೊಸದು ಹಾಕಿದರು. ಗಿರಾಕಿ ಮಾಡಿಕೊಂಡ ಎಡವಟ್ಟಿನ ಹಿಂದೆ ಅವನದೊಂದು ಕಷ್ಟ ಇರುತ್ತದೆ, ಅದನ್ನೂ ಹುಡುಕಿ ಸರಿ ಮಾಡಿದರೆ ಮಾತ್ರ ರಿಪೇರಿ ಮುಗಿಯಿತು ಎಂಬುದು ನನಗೆ ಅಲ್ಲಿ ತಿಳಿಯಿತು.

ಮುಂದೆ ನಾನು ಅಥಣಿಯ ಸರ್ವಿಸ್ ಸೆಂಟರಿಗೆ ಬಂದೆ. ಅಷ್ಟೊತ್ತಿಗೆ ಗಾಡಿಗಳು ಬದಲಾಗಿದ್ದವು. ಟಾಕಿಯ ಆವಿಯನ್ನು ಬಯಲಿಗೆ ಬಿಡುವಂತಿಲ್ಲ ಎಂಬ ಕಾನೂನು ಬಂದಿತ್ತು. ಈಗಿನ ಗಾಡಿಗಳಲ್ಲಿ ಟಾಕಿಯ ಗಾಳಿ ಒಂದು ಕೊಳವೆಯ ಮೂಲಕ ಇದ್ದಿಲು ತುಂಬಿದ ಪೆಟ್ಟಿಗೆಗೆ ಹೋಗುತ್ತದೆ. ಇದ್ದಿಲು ಪೆಟ್ರೋಲಿನ ಆವಿಯನ್ನು ಹಿಡಿದುಕೊಂಡು ಬರಿಯ ಗಾಳಿಯನ್ನು ಮಾತ್ರ ಇನ್ನೊಂದು ಕೊಳವೆಯಿಂದ ಹೊರಗೆ ಬಿಡುತ್ತದೆ. ಹಿಡಿದಿಟ್ಟ ಆವಿಯನ್ನು ಗಾಡಿ ಓಡುವಾಗ ಇಂಜಿನ್ ಎಳೆದುಕೊಂಡು ಸುಡುತ್ತದೆ. ವ್ಯವಸ್ಥೆ ಒಳ್ಳೆಯದೇ. ಆದರೆ ಮೊದಲು ಒಂದೇ ಬಾಗಿಲಿದ್ದ ಗಾಳಿಗೆ ಈಗ ಮೂರ್ನಾಲ್ಕು ಬಾಗಿಲಾದವು. ಯಾವುದು ಮುಚ್ಚಿದರೂ ಟಾಕಿ ತುಂಬುವುದಿಲ್ಲ.

ಪಂಪುಗಳೂ ಬದಲಾದವು. ಈಗಿನ ನೋಝಲ್‌ನ ತುದಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಟಾಕಿ ತುಂಬಿ ಪೆಟ್ರೋಲ್ ಮೇಲೆ ಬಂದು ಆ ತೂತನ್ನು ಮುಚ್ಚಿದ ಕೂಡಲೇ ಟಕ್ ಎಂದು ತಾನೇ ಬಂದ್ ಆಗುತ್ತದೆ. ಗಾಳಿ ಹೊರಡದೆ ಪೆಟ್ರೋಲ್ ಟಾಕಿಯ ಕುತ್ತಿಗೆಯಲ್ಲೇ ನಿಂತರೂ ಅದು ಟಾಕಿ ತುಂಬಿತೆಂದೇ ತಿಳಿದು ಬಂದಾಗುತ್ತದೆ. ಪಂಪಿನವನು ಕಟ್ ಮಾಡಿ ಮಾಡಿ ಹಾಕಿ ಮೋಸ ಮಾಡುತ್ತಾನೆ ಎಂಬ ಜಗಳ ಹುಟ್ಟುವುದು ಇಲ್ಲಿಂದಲೇ.

ಆ ಸರ್ವಿಸ್ ಸೆಂಟರಿನಲ್ಲಿ ನನ್ನ ಮೇಲಿನವರಾಗಿ ಶ್ರದ್ಧಾ ಮೇಡಮ್ ಬಂದರು. ಕೊಲ್ಲಾಪುರದ ಕಡೆಯವರು, ಇಂಜಿನಿಯರಿಂಗ್ ಓದಿದವರು, ವಯಸ್ಸಿನಲ್ಲಿ ನನ್ನ ಮಗಳಷ್ಟು. ಅವರು ಬರುವುದಕ್ಕಿಂತ ಮೊದಲು ಅಲ್ಲಿ ಬಿಚ್ಚಿ ಬದಲಿಸುವ ಚಟ ಬಲವಾಗಿತ್ತು. ಟಾಕಿ ತುಂಬುತ್ತಿಲ್ಲ ಅಂದರೆ ಕೊಳವೆ ಬದಲಿಸು, ಆಗದಿದ್ದರೆ ಮುಚ್ಚಳ ಬದಲಿಸು, ಅದೂ ಆಗದಿದ್ದರೆ ಟಾಕಿಯನ್ನೇ ಬದಲಿಸು. ಮೇಡಮ್ ಬಂದ ವಾರದಲ್ಲೇ ಎಲ್ಲರನ್ನೂ ಕೂಡಿಸಿ, "ಆಧೀ ವಿಚಾರಾ, ಮಗ ಉಘಡಾ" ಎಂದರು. ಮೊದಲು ಕೇಳಿರಿ, ಆಮೇಲೆ ಬಿಚ್ಚಿರಿ ಎಂದು ಅರ್ಥ. ನಮ್ಮ ಕಡೆ ಮರಾಠಿ ತಿಳಿಯದವರಿಲ್ಲ. ಉಸ್ತಾದರು ಹೊಳೆಯ ನೀರಿನ ಕೊಡದ ಉದಾಹರಣೆ ಹೇಳಿ ಕಲಿಸಿದ್ದನ್ನು ಇವರು ಓದಿ ಕಲಿತು ಬಂದಿದ್ದರು. ದಾರಿ ಬೇರೆ, ಮುಟ್ಟಿದ್ದು ಒಂದೇ ಊರು. ನನಗೆ ಅವರ ಮೇಲೆ ವಿಶ್ವಾಸ ಬಂತು.

ಆ ಮಾತಿನ ಬೆಲೆ ನಮಗೆ ಬೇಗನೆ ತಿಳಿಯಿತು. ಗಡಿಯಾಚೆಯ ಒಬ್ಬ ಬ್ಯಾಂಡ್ ಮಾಸ್ತರ ಅಥಣಿಗೆ ಮದುವೆಯಲ್ಲಿ ಬಾರಿಸಲು ಬಂದವನು ತನ್ನ ಗಾಡಿಯನ್ನು ನಮ್ಮಲ್ಲಿಗೆ ತಂದ. ಸ್ವಲ್ಪ ಹಾಕಿದರೆ ನೋಝಲ್ ಬಂದಾಗುತ್ತದೆ, ಹಾಕಿಸಿಕೊಂಡ ಮೇಲೆ ಗಾಡಿ ಚಾಲೂ ಆಗಲು ಸತಾಯಿಸುತ್ತದೆ ಎಂಬುದು ಅವನ ತಕರಾರು. ನಮ್ಮವನೊಬ್ಬ ಆಗಲೇ ಜಾಕ್ ತಂದಿದ್ದ. ಮೇಡಮ್ ಅವನನ್ನು ನಿಲ್ಲಿಸಿ ಬ್ಯಾಂಡ್ ಮಾಸ್ತರನನ್ನು ಕೇಳಿದರು.

"ಪೆಟ್ರೋಲ್ ಎಲ್ಲಿ ಹಾಕಸ್ತೀರಿ?"

"ಕೊಗನೊಳ್ಳ್ಯಾಗ್ರಿ. ನಮ್ಮ ಕಡೀಕಿಂತ ನಿಮ್ಮ ಕರ್ನಾಟಕದಾಗ ಸೋವಿ ಐತಲ್ರಿ."

"ಹೆಂಗ ಹಾಕಸ್ತೀರಿ?"

ಬ್ಯಾಂಡ್ ಮಾಸ್ತರ ಉತ್ಸಾಹದಿಂದ ಮಾಡಿ ತೋರಿಸಿದ. ಗಾಡಿಯ ಮಗ್ಗುಲಿಗೆ ನಿಂತು ಎರಡೂ ಕೈಯಿಂದ ಅದನ್ನು ತೊಟ್ಟಿಲಿನಂತೆ ತೂಗಿದ. "ಟಕ್ ಅಂದ ಮ್ಯಾಲ ಹಿಂಗ ಅಲ್ಲಾಡಸೂದ್ರಿ. ಮತ್ತ ಹಾಕಸೂದು. ಮತ್ತ ಅಲ್ಲಾಡಸೂದು. ಕುತ್ತಿಗಿ ಮಟಾ ಬರತೈತಿ. ಗಡಿ ದಾಟಿ ಬಂದ ಮ್ಯಾಲ ತುಂಬಿಸಿಕೊಂಡs ಹೋಗಬೇಕಲ್ರಿ."

ಮೇಡಮ್ ನನ್ನ ಮುಖ ನೋಡಿದರು. ಇದ್ದಿಲಿನ ಪೆಟ್ಟಿಗೆ ಬಿಚ್ಚಿ ಬೋರಲು ಹಿಡಿದೆ. ಆವಿ ಹಿಡಿಯಬೇಕಾದ ಪೆಟ್ಟಿಗೆಯಿಂದ ಪೆಟ್ರೋಲ್ ತೊಟ್ಟಿಕ್ಕಿತು. ಕುತ್ತಿಗೆ ಮಟ್ಟ ತುಂಬಿಸಿದಾಗೆಲ್ಲ ಗಾಳಿಯ ದಾರಿಯಲ್ಲಿ ಪೆಟ್ರೋಲೇ ಹೋಗಿ ಇದ್ದಿಲು ತೊಯ್ದು ಮುದ್ದೆಯಾಗಿತ್ತು. ಪೆಟ್ಟಿಗೆ ಹೊಸದು ಹಾಕಿದೆವು. ಅಲ್ಲಾಡಿಸುವುದನ್ನು ಬಿಟ್ಟ ಮೇಲೆ ಅವನ ಗಾಡಿಗೆ ಆ ತ್ರಾಸ ಬರಲಿಲ್ಲ. ಗಡಿಯ ಪಂಪುಗಳಲ್ಲಿ ತುಂಬಿಸಿಕೊಳ್ಳುವ ಗಾಡಿಗಳಲ್ಲಿ ಈ ಬೇನೆ ಎಷ್ಟೋ ಕಂಡೆವು. ಯಾವ ಪುಸ್ತಕದಲ್ಲೂ ಇರದ ಈ ಬೇನೆಯ ಮೂಲ ಎರಡು ರಾಜ್ಯಗಳ ಪೆಟ್ರೋಲ್ ದರದಲ್ಲಿತ್ತು.

ಈಗ ಹೇಳುವುದು ರಾವಸಾಬನ ಗಾಡಿಯ ವಿಷಯ. ನನ್ನ ಕೆಲಸದ ಕೊನೆಯ ವರ್ಷಗಳಲ್ಲಿ ನಡೆದದ್ದು.

ರಾವಸಾಬ ಅನಂತಪುರದವನು, ಬಾಡಿಗೆಗೆ ಗಾಡಿ ಓಡಿಸುತ್ತಿದ್ದ. ವಾರಕ್ಕೆರಡು ಸಲ ಊರಿನ ತಾರಾಬಾಯಿ ಎಂಬವರನ್ನು ಮಿರಜಿನ ದವಾಖಾನೆಗೆ ಡಯಾಲಿಸಿಸ್ ಮಾಡಿಸಲು ಕರೆದುಕೊಂಡು ಹೋಗುತ್ತಿದ್ದ. ತಾರಾಬಾಯಿ ಅಂಗನವಾಡಿ ನಡೆಸಿ ನಿವೃತ್ತರಾದವರು. ಊರಿನ ಅರ್ಧ ಮಂದಿಗೆ ಅವರೇ ಅ ಆ ಇ ಈ ಕಲಿಸಿದ್ದರು, ರಾವಸಾಬನೂ ಅದರಲ್ಲೊಬ್ಬ. ಹಾಗಾಗಿ ಅವನಿಗೆ ಅವರು ಬರೀ ಬಾಡಿಗೆಯ ಸವಾರಿ ಆಗಿರಲಿಲ್ಲ. ಶಾಲೆಯ ಮಕ್ಕಳು ಟೀಚರನ್ನು ಕರೆಯುವಂತೆ ಈಗಲೂ ಬಾಯಾರ ಎಂದೇ ಕರೆಯುತ್ತಿದ್ದ.

ಅವನು ನಮ್ಮಲ್ಲಿಗೆ ಬಂದದ್ದು ರಿಪೇರಿಗಲ್ಲ. ಬಂದವನೇ ಮೇಡಮ್ ಎದುರು ನಿಂತು, "ನನ್ನ ಗಾಡಿ ಚಲೋ ಐತಿ, ಯಾವ ದೋಷಾನೂ ಇಲ್ಲ ಅಂತ ಬರದು ಶಿಕ್ಕಾ ಹೊಡದು ಕೊಡ್ರಿ" ಎಂದ.

"ಯಾಕ ಬೇಕ್ರಿ?" ಎಂದು ಮೇಡಮ್ ಕೇಳಿದರು.

ರಾವಸಾಬ ಹೇಳಿದ. ಕಾಗವಾಡದ ರಸ್ತೆಯ ಒಂದು ಪಂಪಿನಲ್ಲಿ ಅವನು ಪೆಟ್ರೋಲ್ ಹಾಕಿಸುತ್ತಿದ್ದ. ಕೆಲವು ವಾರಗಳಿಂದ ಅಲ್ಲಿ ನೋಝಲ್ ಇಟ್ಟ ಕೂಡಲೇ ಟಕ್ ಟಕ್ ಎಂದು ಬಂದಾಗುತ್ತಿತ್ತು. ಆ ಪಂಪಿನಲ್ಲಿ ಸುನಂದಾ ಎಂಬ ಹೆಣ್ಣುಮಗಳು ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ಅವಳು ಬೇಕೆಂದೇ ಕಟ್ ಮಾಡಿ ಮೋಸ ಮಾಡುತ್ತಾಳೆ ಎಂಬುದು ರಾವಸಾಬನ ತೀರ್ಮಾನ. ಹಿಂದಿನ ಸಲ ಮಿರಜಿನಿಂದ ಬರುವಾಗ ಬಿಸಿಲು ಜೋರಿತ್ತು. ಹಿಂದಿನ ಸೀಟಿನಲ್ಲಿ ತಾರಾಬಾಯಿ ನಿತ್ರಾಣವಾಗಿ ಒರಗಿದ್ದರು. ಪಂಪಿನಲ್ಲಿ ಇವನ ಹಿಂದೆ ಗಾಡಿಗಳ ಸಾಲು, ಹಾರ್ನ್, ಬೈಗುಳ. ಇವನೂ ಸುನಂದಾಳಿಗೆ ಬಾಯಿಗೆ ಬಂದಂತೆ ಅಂದ. ಆ ಗದ್ದಲದಲ್ಲಿ ತಾರಾಬಾಯಿಗೆ ಚಕ್ಕರ್ ಬಂತು. ನೀರು ತಂದು ಕುಡಿಸಿದವಳು ಸುನಂದಾಳೇ.

"ತಪ್ಪ ಮಾಡ್ಯಾಳ, ಅದಕ್ಕs ನೀರ ತಂದಾಳ್ರಿ" ಎಂದ ರಾವಸಾಬ. "ಪಂಪಿನ ಸಾವ್ಕಾರ ಅಂದಾನ, ಗಾಡ್ಯಾಗ ದೋಷ ಇಲ್ಲಂತ ಬರಿಸ್ಕೊಂಡು ಬಾ, ಅಕಿನ್ನ ಕೆಲಸದಿಂದ ತಗೀತೀನಂತ. ಮಿರಜಿನ್ಯಾಗ ಕಂಪ್ಯೂಟರ್ ಹಚ್ಚಿ ನೋಡಿಸೀನಿ, ಏನೂ ದೋಷ ತೋರಿಸಿಲ್ಲ. ಪೆಟ್ರೋಲ್ ಹಾಕೂ ಪೈಪ್ ಸುದಿಕ ಹೊಸಾದು ಹಾಕಿಸೀನಿ."

"ಮತ್ತ ಬ್ಯಾರೆ ಪಂಪಿನ್ಯಾಗ ಹಾಕಿಸಿ ನೋಡೀರೇನು?" ಎಂದು ನಾನು ಕೇಳಿದೆ.

"ನಮ್ಮೂರ ಕಡೆ ಒಂದು ಹಳೇ ಪಂಪ್ ಐತಿ. ಅಲ್ಲಿ ಸರಳ ತುಂಬತೈತಿ. ಅಂದ ಮ್ಯಾಲ ಗಾಡಿದು ಏನ್ರಿ ತಪ್ಪು? ಅಕೀದs ತಪ್ಪು. ಕೇಳಿದ್ರ ಏನಂತಾಳ ಗೊತ್ತೈತೇನ್ರಿ? ಹ್ಯಾಂಡಲ್ ಅರ್ಧಾ ಒತ್ತಿದ್ರ ಹೋಗತೈತಿ, ಪೂರಾ ಒತ್ತಿದ್ರ ಕಟ್ ಆಗತೈತಿ ಅಂತಾಳ. ಇಂಥಾ ಸುಳ್ಳು ಕೇಳೀರೇನು?"

ನಾನು ಮೇಡಮ್ ಕಡೆ ನೋಡಿದೆ, ಅವರು ನನ್ನ ಕಡೆ ನೋಡಿದರು. ರಾವಸಾಬ ಸುಳ್ಳು ಎಂದು ಹೇಳಿದ ಮಾತಿನಲ್ಲೇ ನಮಗೆ ಬೇಕಾದದ್ದು ಇತ್ತು. ಹಳೆಯ ಪಂಪು ನಿಧಾನವಾಗಿ ಹಾಕುತ್ತದೆ, ಹೆದ್ದಾರಿಯ ಪಂಪು ಜೋರಾಗಿ ಹಾಕುತ್ತದೆ. ನಿಧಾನಕ್ಕೆ ತುಂಬುವ ಟಾಕಿ ಜೋರಿಗೆ ತುಂಬುವುದಿಲ್ಲ ಅಂದರೆ, ಗಾಳಿಯ ಬಾಗಿಲು ಪೂರ್ತಿ ಮುಚ್ಚಿಲ್ಲ, ಬಹಳಷ್ಟು ಮುಚ್ಚಿದೆ. ನೂರಾರು ಗಾಡಿಗಳಿಗೆ ಪೆಟ್ರೋಲ್ ಹಾಕುವ ಆ ಹೆಣ್ಣುಮಗಳು ಕೈಗೆ ತಿಳಿದದ್ದನ್ನು ಹೇಳಿದ್ದಳು. ಕೇಳುವವರಿಗೆ ಸಮಾಧಾನ ಇರಲಿಲ್ಲ.

ಆದರೆ ನಮಗೆ ಅನ್ನಿಸಿದ್ದು ಸಾಲುವುದಿಲ್ಲ, ಅವನ ಕಣ್ಣಿಗೆ ಕಾಣಬೇಕು. ನಾವು ಕಂಡಿರದ ಒಬ್ಬಳ ಕೆಲಸ ನಮ್ಮ ಮಾತಿನ ಮೇಲೆ ನಿಂತಿತ್ತು. ಮೇಡಮ್ ರಾವಸಾಬನಿಗೆ, "ಬರದು ಕೊಡತೀವಿ. ಆದ್ರ ನೋಡಿದ್ದನ್ನ ಬರದು ಕೊಡತೀವಿ. ನೀವೂ ನಮ್ಮ ಜೋಡಿ ನಿಂತು ನೋಡ್ರಿ" ಎಂದರು.

ಗಾಡಿಯನ್ನು ಬಯಲಿಗೆ ತಂದೆವು. ಮರಳಿನ ಬಕೆಟ್ ಹತ್ತಿರ ಇಟ್ಟೆವು, ಸುತ್ತ ಬೆಂಕಿ ಬೀಡಿ ಇಲ್ಲದಂತೆ ನೋಡಿಕೊಂಡೆವು. ಪೆಟ್ರೋಲಿನ ಕೆಲಸದಲ್ಲಿ ಇದನ್ನು ಯಾವತ್ತೂ ಬಿಡಬೇಡಿ. ಕ್ಯಾನಿನಿಂದ ಲಾಳಿಕೆಯಲ್ಲಿ ನಿಧಾನಕ್ಕೆ ಸುರಿದೆ. ಸರಾಗವಾಗಿ ಇಳಿಯಿತು. ರಾವಸಾಬ ಗೆದ್ದವನಂತೆ ಮೀಸೆಯ ಮೇಲೆ ಕೈಯಾಡಿಸಿದ. ಕ್ಯಾನನ್ನು ಎತ್ತರಿಸಿ ಜೋರಾಗಿ ಸುರಿದೆ. ಪೆಟ್ರೋಲ್ ಕುತ್ತಿಗೆಯಲ್ಲಿ ನಿಂತು, ಗುಳಕ್ ಎಂದು ಲಾಳಿಕೆಯಲ್ಲಿ ಮೇಲೆದ್ದು ನನ್ನ ಮುಂಗೈ ತೋಯಿಸಿತು.

"ರಾವಸಾಬ, ಇಲ್ಲಿ ಸುನಂದಾ ಇಲ್ಲ" ಎಂದೆ.

ಅವನ ಮೀಸೆಯಿಂದ ಕೈ ಇಳಿಯಿತು.

ಇನ್ನು ಯಾವ ಬಾಗಿಲು ಎಂದು ಹುಡುಕಬೇಕಿತ್ತು. ಟಾಕಿಯಿಂದ ಇದ್ದಿಲಿನ ಪೆಟ್ಟಿಗೆಗೆ ಹೋಗುವ ಕೊಳವೆಯನ್ನು ಟಾಕಿಯ ಹತ್ತಿರವೇ ಬಿಚ್ಚಿದೆ. ಈಗ ಜೋರಾಗಿ ಸುರಿದರೂ ಇಳಿಯಿತು. ಅಲ್ಲಿಗೆ ಟಾಕಿ ಚೆನ್ನಾಗಿದೆ, ಹೊಸ ಪೈಪು ಹಾಕಿಸಿದ್ದು ದಂಡ ಎಂದು ತಿಳಿಯಿತು. ಮೇಡಮ್ ಪೆಟ್ಟಿಗೆ ಬಿಚ್ಚಿ ತಂದು ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಹೊಡೆದರು. ಗಾಳಿ ಆ ಕಡೆಯಿಂದ ಹೊರಟಿತು. ಪೆಟ್ಟಿಗೆಯೂ ಚೆನ್ನಾಗಿತ್ತು. ಉಳಿದದ್ದು ಪೆಟ್ಟಿಗೆಯಿಂದ ಬಯಲಿಗೆ ಹೋಗುವ ಕೊನೆಯ ಕೊಳವೆ. ಹಿಂದಿನ ಚಕ್ರದ ಮೇಲೆ, ಕೈ ಹೋಗದ ಸಂದಿಯಲ್ಲಿತ್ತು. ನನ್ನ ಭುಜ ಅಲ್ಲಿ ಹಿಡಿಸಲಿಲ್ಲ. ಮೇಡಮ್ ತೋಳು ಮಡಚಿ, ಬ್ಯಾಟರಿ ಹಿಡಿದು ಮಣ್ಣಿನಲ್ಲೇ ಮಲಗಿ ಅದನ್ನು ಬಿಡಿಸಿ ತೆಗೆದರು. ಎದ್ದಾಗ ಅವರ ಬೆನ್ನ ಮೇಲೆ ಎರೆಮಣ್ಣಿನ ಅಚ್ಚು ಮೂಡಿತ್ತು.

ಕೊಳವೆಯ ತುದಿಗೆ ಇರಬೇಕಾದ ಜಾಳಿಗೆ ಎಲ್ಲೋ ಬಿದ್ದು ಹೋಗಿತ್ತು. ನಾನು ಕೊಳವೆಯನ್ನು ಚಾಕುವಿನಿಂದ ಉದ್ದಕ್ಕೆ ಸೀಳಿದೆ. ಒಳಗೆ ಒಣಗಿದ ಮಣ್ಣಿನ ಸಣ್ಣ ಸಣ್ಣ ಕೋಣೆಗಳು ಒಂದರ ಹಿಂದೊಂದು ಇದ್ದವು. ಒಂದನ್ನು ಒಡೆದರೆ ಹಸಿರು ಹುಳಗಳು ಒತ್ತಾಗಿ ಬಿದ್ದಿದ್ದವು. ಸತ್ತಿರಲಿಲ್ಲ, ಅಲುಗಾಡುತ್ತಲೂ ಇರಲಿಲ್ಲ. ಕುಂಬಾರ ಹುಳು ತನ್ನ ಮರಿಗಳಿಗೆಂದು ಕೂಡಿಟ್ಟ ಬುತ್ತಿ ಅದು. ಮಣ್ಣಿನ ಗೋಡೆಗೂ ರಬ್ಬರಿಗೂ ನಡುವೆ ಸೂಜಿಯಷ್ಟು ಸಂದಿ ಉಳಿದಿತ್ತು. ಟಾಕಿಯ ಗಾಳಿಯೆಲ್ಲ ಅಷ್ಟರಲ್ಲೇ ಹೊರಡಬೇಕಿತ್ತು.

ರಾವಸಾಬ ಮಣ್ಣಿನ ಚೂರನ್ನು ಬೆರಳಲ್ಲಿ ಹಿಡಿದು ನೋಡಿದ. "ಇದು ನಮ್ಮ ದನದ ಶೆಡ್ಡಿನ ಗ್ವಾಡಿ ಮ್ಯಾಲ ಕಟ್ಟೂ ಹುಳದ ಮನೀರಿ" ಎಂದ. "ಗಾಡಿ ಅಲ್ಲೇ ಹಚ್ಚತೀನಿ."

"ಅದಕ್ಕ ಗ್ವಾಡಿಕಿಂತ ಇದು ಚಲೋ ಕಂಡೈತಿ" ಎಂದೆ.

ಹೊಸ ಕೊಳವೆ ಹಾಕಿ, ತುದಿಗೆ ಜಾಳಿಗೆ ಕೂಡಿಸಿ, ಎಲ್ಲ ಜೋಡಿಸಿದ ಮೇಲೆ ಜೋರಾಗಿ ಸುರಿದೆ. ಇಳಿಯಿತು. ಇಷ್ಟಾದರೂ ರಾವಸಾಬನ ಮನಸ್ಸು ಪೂರ್ತಿ ಒಪ್ಪಿರಲಿಲ್ಲ. ಇಷ್ಟು ದಿನ ಒಬ್ಬಳನ್ನು ಕಳ್ಳಿ ಎಂದವನಿಗೆ ಒಂದು ಹುಳದ ಮನೆ ನೋಡಿ ಮಾತು ಹಿಂದೆ ತೆಗೆದುಕೊಳ್ಳುವುದು ಸುಲಭವಲ್ಲ. "ಇದು ನಿಮ್ಮ ಕ್ಯಾನ್ರಿ. ಅಲ್ಲಿ ಪಂಪಿನ್ಯಾಗ ಏನಾಗತೈತೊ" ಎಂದ.

ನನಗೆ ಬೇಸರವಾಯಿತು. ಮೇಡಮ್ ಮಾತ್ರ, "ಬರೋಬರಿ ಹೇಳತೀರಿ. ಜಗಳ ಆದಲ್ಲೇ ನೋಡಬೇಕು. ಬಾಯಾರನ್ನ ಮತ್ತ ಕರಕೊಂಡು ಹೋಗೂ ದಿನ ನಾವೂ ಬರತೀವಿ. ಟಾಕಿ ಖಾಲೀನs ಇಟ್ಟಿರ್ರಿ" ಎಂದರು. ಗಿರಾಕಿಯ ಸಂಶಯವನ್ನು ಅವಮಾನ ಎಂದು ತಿಳಿಯದೆ ಅದನ್ನೂ ಒಂದು ಪರೀಕ್ಷೆ ಮಾಡಿಕೊಂಡ ಮೇಲಧಿಕಾರಿಯನ್ನು ನಾನು ಅವರೊಬ್ಬರನ್ನೇ ಕಂಡಿದ್ದೇನೆ.

ಆ ದಿನ ಮುಂಜಾನೆ ಅವನ ಗಾಡಿಯಲ್ಲೇ ಹೊರಟೆವು. ಹಿಂದಿನ ಸೀಟಿನಲ್ಲಿ ತಾರಾಬಾಯಿ, ಅವರ ಪಕ್ಕ ಮೇಡಮ್. ತಾರಾಬಾಯಿ ತೆಳ್ಳಗೆ, ಸೆರಗು ಹೊದ್ದು, ತೋಳಿನ ಪಟ್ಟಿ ಕಾಣದಂತೆ ಮುಚ್ಚಿಕೊಂಡು ಕೂತಿದ್ದರು. ದಾರಿಯಲ್ಲಿ ನಡೆದದ್ದನ್ನೆಲ್ಲ ಮೇಡಮ್ ಅವರಿಗೆ ಹೇಳಿದರು. ಅವರು ಕೇಳಿಸಿಕೊಂಡು, "ನಾ ಅವತ್ತs ಅಂದಿದ್ದೆ, ಅಕೀ ಮಾರಿ ನೋಡಿದ್ರ ಮೋಸ ಮಾಡೂಹಂಗ ಕಾಣೂದಿಲ್ಲ ಅಂತ. ಇವ ಸಣ್ಣಾವಿದ್ದಾಗ್ಲಿಂದ ಹಿಂಗs. ಪಾಟಿ ಒಡದ್ರ ಮಗ್ಗಲಿನ ಹುಡುಗನ ಹೆಸರ ಹೇಳತಿದ್ದ" ಎಂದರು. ರಾವಸಾಬ ರಸ್ತೆ ನೋಡುತ್ತ ಗಾಡಿ ಓಡಿಸಿದ.

ಕಾಗವಾಡದ ಆ ಪಂಪಿನಲ್ಲಿ ಎಂದಿನಂತೆ ಗಡಿಯಾಚೆಯ ಗಾಡಿಗಳ ಸಾಲು ಇತ್ತು. ನಮ್ಮ ಗಾಡಿಯನ್ನು ಕಂಡು ಸುನಂದಾ ಒಂದು ಕ್ಷಣ ನಿಂತಳು. ಮೂವತ್ತರ ಆಸುಪಾಸಿನವಳು, ಸೀರೆಯ ಮೇಲೆ ಪಂಪಿನವರು ಕೊಟ್ಟ ನೀಲಿ ಅಂಗಿ. ಪಂಪಿನ ಸಾವ್ಕಾರನೂ ಒಳಗಿನಿಂದ ಎದ್ದು ಬಂದ. ಹಿಂದಿನ ಜಗಳ ನೋಡಿದ್ದ ಕೆಲವರು ತಮ್ಮ ಗಾಡಿಗಳಿಂದ ಇಳಿದರು.

ರಾವಸಾಬ ಇಳಿದು ಮುಚ್ಚಳ ತೆಗೆದ. ಅವನು ಅವಳ ಮುಖ ನೋಡಲಿಲ್ಲ, ಅವಳೂ ಅವನ ಮುಖ ನೋಡಲಿಲ್ಲ. ನಾನು, "ತಂಗಿ, ಟಾಕಿ ಪೂರಾ ತುಂಬಸು. ಹ್ಯಾಂಡಲ್ ಪೂರಾ ಒತ್ತು" ಎಂದೆ.

"ಇದಕ್ಕ ಪೂರಾ ಒತ್ತಿದ್ರ ಕಟ್ ಆಗತೈತ್ರಿ ಕಾಕಾ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ಗೊತ್ತೈತಿ. ನೀ ಅಂದಿದ್ದು ಖರೇ ಇತ್ತು. ಈಗ ಒತ್ತಿ ನೋಡು."

ಅವಳು ನನ್ನನ್ನು ನೋಡಿದಳು. ಆಮೇಲೆ ಎಲ್ಲರಿಗೂ ಹೇಳುವಂತೆ ರಾವಸಾಬನಿಗೂ "ಝೀರೋ ನೋಡ್ಕೋರಿ" ಎಂದು, ನೋಝಲ್ ಇಟ್ಟು ಹ್ಯಾಂಡಲ್ ಪೂರ್ತಿ ಒತ್ತಿ ಹಿಡಿದಳು. ಅಂಕಿಗಳು ಓಡತೊಡಗಿದವು. ನಾನು ಈ ಕೆಲಸವನ್ನು ಜೀವಮಾನವಿಡೀ ಮಾಡಿದವನು, ಕೊಳವೆಯನ್ನು ನನ್ನ ಕೈಯಾರೆ ಸೀಳಿ ನೋಡಿದವನು. ಆದರೂ ನನ್ನ ಕಿವಿ ಆ ಟಕ್ ಎಂಬ ಸಪ್ಪಳಕ್ಕೇ ಕಾಯುತ್ತಿತ್ತು. ಮೇಡಮ್ ಗಾಡಿಯ ಬಾಗಿಲಿಗೆ ಒರಗಿ ನಿಂತಿದ್ದರು, ಅವರ ಕೈ ಬಾಗಿಲನ್ನು ಗಟ್ಟಿಯಾಗಿ ಹಿಡಿದಿತ್ತು. ಮೊದಲು ಎಷ್ಟಕ್ಕೆ ಬಂದಾಗುತ್ತಿತ್ತೋ ಅದನ್ನು ದಾಟಿತು. ಅರ್ಧ ಟಾಕಿ ದಾಟಿತು. ಹಿಂದಿನ ಸಾಲಿನಲ್ಲಿ ಯಾರೂ ಹಾರ್ನ್ ಹೊಡೆಯಲಿಲ್ಲ. ಸುನಂದಾಳ ಬೆರಳು ಸಡಿಲಾಗಲಿಲ್ಲ. ಟಾಕಿ ನಿಜವಾಗಿಯೂ ತುಂಬಿದ ಮೇಲೆ ಒಂದೇ ಒಂದು ಸಲ ಟಕ್ ಎಂದಿತು.

ಸಾಲಿನಲ್ಲಿದ್ದ ಯಾರೋ "ಇನ್ನೊಂದೀಟು ಹಾಕಿ ರೊಕ್ಕಾ ರೌಂಡ್ ಮಾಡ್ರಿ" ಎಂದರು. "ಬ್ಯಾಡ, ಸಾಕು" ಎಂದು ನಾನು, ಮೇಡಮ್ ಇಬ್ಬರೂ ಒಟ್ಟಿಗೆ ಹೇಳಿದೆವು.

ಮೇಡಮ್ ಪಂಪಿನ ಸಾವ್ಕಾರನಿಗೆ ಕೊಳವೆಯ ಚೂರು ತೋರಿಸಿದರು. ಅದನ್ನು ಒಂದು ಚೀಲದಲ್ಲಿ ತಂದಿದ್ದರು. "ನಿಮ್ಮ ಪಂಪಿನ್ಯಾಗೂ ದೋಷ ಇದ್ದಿಲ್ಲ, ನಿಮ್ಮ ಹುಡುಗ್ಯಾಗೂ ಇದ್ದಿಲ್ಲ. ಅಕೀ ಹೇಳಿದ ಮಾತಿನಿಂದನs ನಮಗ ಇದು ಸಿಕ್ಕತು" ಎಂದರು. ಸಾವ್ಕಾರ ಮಣ್ಣಿನ ಕೋಣೆಗಳನ್ನು ತಿರುಗಿಸಿ ತಿರುಗಿಸಿ ನೋಡಿ, ಸುನಂದಾಳ ಕಡೆ ಒಮ್ಮೆ ತಲೆಯಾಡಿಸಿ ಒಳಗೆ ಹೋದ. ಅವಳು ಆ ಕೆಲಸದಲ್ಲಿ ಉಳಿದಳು. ಮುಂದೆ ಅವಳೇ ಆ ಪಂಪಿನ ಪಾಳಿ ನೋಡಿಕೊಳ್ಳುವವಳಾದಳು ಎಂದು ಕೇಳಿದ್ದೇನೆ.

ರಾವಸಾಬ ಇನ್ನೂ ಮುಚ್ಚಳ ಕೈಯಲ್ಲಿ ಹಿಡಿದೇ ನಿಂತಿದ್ದ. ಗಾಡಿಯ ಒಳಗೆ ಕೂತಿದ್ದ ತಾರಾಬಾಯಿ ಕಿಟಕಿಯ ಗಾಜು ಇಳಿಸಿದರು. ಅವನು ಮುಚ್ಚಳ ತಿರುವಿ ಹಾಕಿ, ಸಾಲಿನವರೆಲ್ಲ ನೋಡುತ್ತಿರುವಾಗಲೇ ಸುನಂದಾಳ ಮುಂದೆ ಬಂದು ಕೈ ಜೋಡಿಸಿದ.

"ತಂಗಿ, ನಾ ಅಂದಿದ್ದು ತಪ್ಪಾತು. ನನ್ನ ಗಾಡ್ಯಾಗs ಹುಳಾ ಇತ್ತು."

ಸುನಂದಾ ನೋಝಲ್ ಅನ್ನು ಅದರ ಜಾಗದಲ್ಲಿ ತೂಗುಹಾಕಿದಳು. ಕಣ್ಣು ಒರೆಸಿಕೊಂಡಳೋ ಬೆವರು ಒರೆಸಿಕೊಂಡಳೋ ನನಗೆ ತಿಳಿಯಲಿಲ್ಲ. "ಇರ್ಲಿ ಬಿಡ್ರಿ ಅಣ್ಣಾ" ಎಂದಳು. "ಅಜ್ಜಿಗೆ ತಡಾ ಆಗತೈತಿ, ನೀವು ಹೊಂಡ್ರಿ. ಹಿಂದ ಗಾಡಿ ನಿಂತಾವ."

ಗಾಡಿ ಮಿರಜಿನ ಕಡೆ ಹೋಯಿತು. ನಾನು, ಮೇಡಮ್ ರಸ್ತೆ ದಾಟಿ ಅಥಣಿಯ ಬಸ್ಸು ಹಿಡಿದೆವು. ಬಸ್ಸು ತುಂಬಿತ್ತು, ಹಿಂದೆ ಎರಡು ಸೀಟು ಸಿಕ್ಕವು. ಚೀಲದಲ್ಲಿದ್ದ ಕೊಳವೆಯ ಚೂರು ವಾಸನೆ ಬಿಡುತ್ತಿತ್ತು. ಮುಂದಿನ ಸೀಟಿನ ಹೆಂಗಸು ಸೆರಗು ಮೂಗಿಗೆ ಹಿಡಿದು ಹೊರಳಿ ನೋಡಿ, "ಯಾರ್ರಿ ಪೆಟ್ರೋಲ್ ನಾರಾಕತ್ತೀರಿ?" ಎಂದು ಕೇಳಿದಳು.

ಇಂಜಿನಿಯರಿಂಗ್ ಓದಿದ ಶ್ರದ್ಧಾ ಮೇಡಮ್, ಬೆನ್ನು ನೆಟ್ಟಗೆ ಮಾಡಿ ಕೂತು, "ನಾವ್ರಿ" ಎಂದರು.